ಹೆಬ್ಬೆರಳಿನ ಶಾಯಿ

ನಾನು ಮುದುಕರನ್ನು ತೊಳೆಯುವವಳು. ಹದಿನೆಂಟು ವರ್ಷದಿಂದ ಇದೇ ಕೆಲಸ. ವೃದ್ಧಾಶ್ರಮದ ಹಾಜರಿ ಪುಸ್ತಕದಲ್ಲಿ ನನ್ನ ಕೆಲಸಕ್ಕೆ ‘ಆರೈಕೆ ಸಹಾಯಕಿ’ ಎಂದು ಬರೆದಿದ್ದಾರೆ. ಆರೈಕೆ ಇರುವುದು ಮುಂದಿನ ಕಟ್ಟಡದಲ್ಲಿ, ದುಡ್ಡು ಕಟ್ಟುವವರ ಕಡೆ. ಅಲ್ಲಿ ಬಿಸಿನೀರು, ಬಾಗಿಲಿರುವ ಬಚ್ಚಲು, ಒಬ್ಬರಿಗೆ ಒಂದು ಟವೆಲ್. ನಾನಿರುವುದು ಹಿಂದಿನ ಶೆಡ್ಡಿನಲ್ಲಿ. ಅದು ಉಚಿತ ವಿಭಾಗ. ವಾರಕ್ಕೆ ಎರಡು ಸಲ ಇಪ್ಪತ್ತಾರು ಹೆಂಗಸರನ್ನು ಸಿಮೆಂಟು ಕಟ್ಟೆಯ ಮೇಲೆ ಸಾಲಾಗಿ ಕೂರಿಸುತ್ತೇವೆ. ಬಟ್ಟೆ ಬಿಚ್ಚುತ್ತೇವೆ. ಒಬ್ಬಳು ಸೋಪು ಹಚ್ಚಿಕೊಂಡು ಹೋಗುತ್ತಾಳೆ, ಒಬ್ಬಳು ಹಿಂದಿನಿಂದ ಪೈಪು ಹಿಡಿದುಕೊಂಡು ಬರುತ್ತಾಳೆ. ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಮುಗಿಸುತ್ತೇವೆ.

ತಣ್ಣೀರು ಬೆನ್ನಿಗೆ ಬಿದ್ದಾಗ ಅವರು ಕಿರುಚುತ್ತಾರೆ. ಆಗ ನಾನು, “ಆಯ್ತಮ್ಮ, ಆಯ್ತು, ಇನ್ನೊಂಚೂರು” ಅನ್ನುತ್ತೇನೆ. ಎಲ್ಲರಿಗೂ ಅಮ್ಮ ಅನ್ನುತ್ತೇನೆ. ಅದರಲ್ಲಿ ಪ್ರೀತಿ ಇತ್ತು ಅಂದರೆ ಸುಳ್ಳಾಗುತ್ತದೆ. ಕೈಗೆ ಸೋಪು ಬಂದ ಹಾಗೆ ಬಾಯಿಗೆ ಆ ಮಾತು ಬರುತ್ತಿತ್ತು, ಅಷ್ಟೆ.

ಇನ್ನೊಂದು ಕೆಲಸವೂ ಇತ್ತು. ಕೆಲವು ಸಲ ಒಬ್ಬೊಬ್ಬರ ಹೆಬ್ಬೆರಳು ನೀಲಿಯಾಗಿರುತ್ತಿತ್ತು. ಆ ಶಾಯಿ ಬರೀ ಸೋಪಿಗೆ ಹೋಗುವುದಿಲ್ಲ. ಬ್ರಷ್ಷು ಹಾಕಿ ಉಗುರಿನ ಸಂದಿಯಿಂದ ಉಜ್ಜಬೇಕು. “ಆ ಹನ್ನೊಂದನೇ ಹಾಸಿಗೆಯವಳ ಬೆರಳು ಸರಿಯಾಗಿ ಉಜ್ಜು, ಹಾಸಿಗೆಗೆಲ್ಲ ಮೆತ್ತುತ್ತೆ” ಎಂದು ಆಶ್ರಮ ನಡೆಸುವ ಮೇಡಂ ಮೊದಲೇ ಹೇಳಿ ಕಳಿಸುತ್ತಿದ್ದರು. ಉಜ್ಜುತ್ತಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ಆಫೀಸಿನ ಗೋಡೆಯ ಮೇಲೆ ಒಂದು ಮನೆಯ ಫೋಟೋ ಏರುತ್ತಿತ್ತು. ಕೆಳಗೆ ‘ದಾನಿಗಳು’ ಎಂದು ಹೆಸರು. ಫೋಟೋಗಳನ್ನು ಒರೆಸುವವಳೂ ನಾನೇ. ಬೆರಳಿಗೂ ಫೋಟೋಗೂ ಏನು ಸಂಬಂಧ ಎಂದು ಯಾರನ್ನೂ ಕೇಳಲಿಲ್ಲ. ಗೊತ್ತಾಗದೆ ಕೇಳದೇ ಇದ್ದದ್ದಲ್ಲ. ಗೊತ್ತಾಗಿಬಿಟ್ಟರೆ ಏನಾದರೂ ಮಾಡಬೇಕಾಗುತ್ತದಲ್ಲ, ಅದಕ್ಕೆ ಕೇಳಲಿಲ್ಲ.

ಆಮೇಲೆ ನಮ್ಮಮ್ಮ ಬಿದ್ದಳು.

ಬಿದ್ದದ್ದು ಬೆಳಿಗ್ಗೆ. ನಾವು ನೋಡಿದ್ದು ಸಂಜೆ. ತಮ್ಮ ಯಾರದೋ ಮನೆಗೆ ಬಣ್ಣ ಹೊಡೆಯಲು ಹೋಗಿದ್ದ. ತಮ್ಮನ ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು, ಅಲ್ಲಿ ಸಂಜೆತನಕ ಗೇಟು ತೆರೆಯುವುದಿಲ್ಲ. ನಾನು ಇಲ್ಲಿ ಬೇರೆಯವರ ಅಮ್ಮಂದಿರನ್ನು ತೊಳೆಯುತ್ತಿದ್ದೆ. ಅಡುಗೆಮನೆಯ ನೆಲದಲ್ಲಿ ಅಮ್ಮ ಒದ್ದೆಯಲ್ಲಿ ಬಿದ್ದಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಬಾಯಿಯ ಮೂಲೆಗೆ ಇರುವೆ ಹತ್ತಿತ್ತು. ನನ್ನನ್ನು ನೋಡಿದ ಕೂಡಲೆ ಸೊಟ್ಟ ಬಾಯಲ್ಲಿ ಅವಳು ಕೇಳಿದ್ದು ಒಂದೇ ಮಾತು: “ಒಲೆ ಆರಿಸಿದೀನಿ ತಾನೆ? ಒಂದ್ಸಲ ನೋಡೇ.”

ಬೆಂಕಿ ಬಿದ್ದು ಮನೆಗೇನಾದರೂ ಆದರೆ ಎಂದು ದಿನವಿಡೀ ಅದೊಂದನ್ನೇ ಯೋಚಿಸಿಕೊಂಡು ಮಲಗಿದ್ದಳಂತೆ.

ನಮ್ಮ ಮನೆ ಎರಡು ಕೋಣೆಯದು. ಅಮ್ಮ ಕಟ್ಟಿದ್ದು. ಕಟ್ಟಿಸಿದ್ದಲ್ಲ, ಕಟ್ಟಿದ್ದು. ಹನ್ನೊಂದು ವರ್ಷ ಅವಳು ಊರಿನ ಕಟ್ಟಡಗಳಿಗೆಲ್ಲ ಇಟ್ಟಿಗೆ ಹೊತ್ತಳು. ಸಂಜೆ ಹೋಗುವಾಗ ಒಡೆದ ಇಟ್ಟಿಗೆ ಎರಡು ಒಯ್ಯಲು ಮೇಸ್ತ್ರಿ ಬಿಡುತ್ತಿದ್ದ. ಎರಡು ತುಂಡು ಚೀಲದಲ್ಲಿ ಹಾಕಿಕೊಂಡು ನಡೆದು ಬರುತ್ತಿದ್ದಳು. ನಮ್ಮ ಗೋಡೆಯಲ್ಲಿ ಒಂದೇ ಒಂದು ಇಡೀ ಇಟ್ಟಿಗೆ ಇಲ್ಲ. ಚಿಕ್ಕವರಿದ್ದಾಗ ನಮ್ಮನ್ನು ಕೂರಿಸಿಕೊಂಡು ಬೆರಳು ಮಾಡಿ ತೋರಿಸುತ್ತಿದ್ದಳು: ಇದು ಬ್ಯಾಂಕು, ಇದು ಸ್ಕೂಲು, ಇದು ಜೈಲು. “ಜೈಲಿನ ಇಟ್ಟಿಗೇನೇ ಗಟ್ಟಿ, ಅದನ್ನ ಅಡುಗೆಮನೆಗೆ ಹಾಕಿದೀನಿ” ಎಂದು ನಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ನಾನೂ ಅಲ್ಲಿಗೇ ಬಂದೆ. ತಮ್ಮ, ಅವನ ಹೆಂಡತಿ, ಎರಡು ಮಕ್ಕಳು, ನಾನು, ಅಮ್ಮ. ಮನೆ ಅಮ್ಮನ ಹೆಸರಲ್ಲಿತ್ತು. ಆ ಮನೆ ಬಿಟ್ಟರೆ ನಮಗೆ ನಿಲ್ಲಲು ನೆಲವಿಲ್ಲ.

ದಿನವಿಡೀ ಒಬ್ಬರು ಪಕ್ಕದಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದರು. ಅವರು ಹೇಳಿ ಎದ್ದು ಹೋದರು. ನಾನು ಹನ್ನೆರಡು ದಿನ ಮನೆಯಲ್ಲಿ ಉಳಿದೆ, ಹದಿಮೂರನೇ ದಿನ ಕೆಲಸದಿಂದ ತೆಗೆಯುತ್ತೇವೆ ಎಂದು ಹೇಳಿ ಕಳಿಸಿದರು. ತಮ್ಮನ ಹೆಂಡತಿ ಒಂದು ವಾರ ಉಳಿದಳು, ಅವಳ ಮೆಷಿನ್ನಿನ ಮುಂದೆ ಬೇರೆಯವಳು ಕೂತಳು. ಹೊತ್ತಿನ ಊಟಕ್ಕೆ ಕಂಡವರ ಕೈ ನೋಡುವ ಹಾಗಾಯಿತು.

ನಾನು ಕೆಲಸ ಮಾಡುವ ಕಡೆಯ ನಿಯಮ ನನಗೆ ಬಾಯಿಪಾಠ. ಮಕ್ಕಳಿದ್ದರೆ ತಿಂಗಳು ತಿಂಗಳು ಕಟ್ಟಬೇಕು. ಕಟ್ಟಲಾಗದಿದ್ದರೆ ಮನೆ ಬರೆದುಕೊಡಬೇಕು. ಯಾರೂ ಇಲ್ಲ, ಏನೂ ಇಲ್ಲ ಅಂದರೆ ಉಚಿತ. ಕಟ್ಟುವ ದುಡ್ಡು ನನ್ನ ಮತ್ತು ತಮ್ಮನ ಸಂಬಳ ಸೇರಿಸಿದರೂ ಸಾಲುತ್ತಿರಲಿಲ್ಲ. ನಾನು ಇದನ್ನು ತಮ್ಮನಿಗೆ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದೆ. ಅಮ್ಮನ ಮೈ ಅರ್ಧ ಸತ್ತಿತ್ತು, ಕಿವಿ ಎರಡೂ ಬದುಕಿದ್ದವು.

“ಯಾರೂ ಇಲ್ಲ ಅಂತ ಬರೆಸು” ಅಂದಳು ಒಳಗಿನಿಂದ.

“ಏನಮ್ಮ ನೀನು ಮಾತಾಡೋದು” ಅಂದ ತಮ್ಮ.

“ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು ಅಂತ ಹೇಳಿ. ನಂಗೇನು ನಾಚಿಕೆ ಇಲ್ಲ. ಮನೆ ಉಳಿಯುತ್ತೆ, ನಿನ್ನ ಅಕ್ಕ ದಿನಾ ಕಣ್ಣಿಗೆ ಕಾಣ್ತಾಳೆ. ಇನ್ನೇನು ಬೇಕು ನಂಗೆ?”

ತಮ್ಮ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನು ಬೇಡ ಅನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ. ಅಮ್ಮ ಹೇಳಿದಳು ಎಂದು ಆಮೇಲೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ, ಆ ಮಾತು ಕೇಳಿದಾಗ ಎದೆ ಹಗುರಾಗಿದ್ದು ನನಗೆ ನೆನಪಿದೆ.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮುದುಕಿ ಎಂದು ನಾನೇ ತಂದು ಸೇರಿಸಿದೆ. ಫಾರಂ ನಾನೇ ತುಂಬಿದೆ. ಮಕ್ಕಳು: ಇಲ್ಲ. ಸಂಬಂಧಿಕರು: ಇಲ್ಲ. ಆಸ್ತಿ: ಇಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಅದನ್ನು ಓದದೆ, ಕರೆತಂದವಳು ಎಂದು ಸಹಿ ಹಾಕಿದೆ. ಅಮ್ಮನಿಗೆ ಇಪ್ಪತ್ತಮೂರನೇ ಹಾಸಿಗೆ ಕೊಟ್ಟರು.

ಅಮ್ಮ ತನ್ನ ಪಾಲಿನ ನಾಟಕ ಚೆನ್ನಾಗಿ ಆಡಿದಳು. ನನ್ನನ್ನು ‘ನೀವು’ ಅಂದಳು. ಹುಟ್ಟಿದಾಗಿನಿಂದ ಏನೇ, ಬಾರೇ, ಹೋಗೇ ಅಂತಿದ್ದವಳು, “ನೀವು ಸ್ವಲ್ಪ ಈ ಕಡೆ ತಿರುಗಿಸ್ತೀರಾ?” ಎಂದು ಕೇಳುತ್ತಿದ್ದಳು. ತಿರುಗಿಸುತ್ತಿದ್ದೆ. “ನಿಮಗೆ ಪುಣ್ಯ ಬರಲಿ” ಅನ್ನುತ್ತಿದ್ದಳು. ಸುತ್ತ ಯಾರೂ ಇಲ್ಲದಾಗಲೂ ಹಾಗೇ ಅನ್ನುತ್ತಿದ್ದಳು. ಒಮ್ಮೆ ಕಿವಿಯ ಹತ್ತಿರ ಬಗ್ಗಿ, “ಈಗ ಯಾರೂ ಇಲ್ಲ, ಮಾತಾಡಮ್ಮ” ಅಂದೆ. ಅವಳು ಚಾವಣಿ ನೋಡಿಕೊಂಡು, “ನಿಮ್ಮ ಮನೇಲಿ ಎಲ್ಲ ಚೆನ್ನಾಗಿದಾರಾ? ಮನೆ ಸೋರ್ತಿಲ್ಲ ತಾನೆ?” ಅಂದಳು. ಸೋರುತ್ತಿಲ್ಲ ಅಂದೆ.

ತೊಳೆಯುವ ದಿನ ಅವಳನ್ನೂ ಕಟ್ಟೆಯ ಮೇಲೆ ಕೂರಿಸಿದೆ. ಬಟ್ಟೆ ಬಿಚ್ಚಿದೆ. ಅಮ್ಮನ ಬರಿಮೈ ನಾನು ಹೀಗೆ ಎಲ್ಲರ ಮುಂದೆ ಯಾವತ್ತೂ ನೋಡಿರಲಿಲ್ಲ. ನಡುನೆತ್ತಿಯಲ್ಲಿ ಕೂದಲು ಹುಟ್ಟದ ಜಾಗ ಇತ್ತು, ಇಟ್ಟಿಗೆ ಕೂರುತ್ತಿದ್ದ ಜಾಗ. ನನ್ನ ಕೈಯಲ್ಲಿ ಪೈಪು ಇತ್ತು. ಸಾಲು ಅವಳ ತನಕ ಬಂತು. ನೀರು ಬಿಟ್ಟೆ. ಅವಳೊಬ್ಬಳೇ ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು ನನ್ನ ಕಾಲನ್ನು ನೋಡುತ್ತಿದ್ದಳು. ಯಾವಾಗಿನ ಹಾಗೆ ‘ಆಯ್ತಮ್ಮ’ ಅನ್ನಬೇಕಿತ್ತು. ಆ ಮಾತು ಬಾಯಿಂದ ಬಂದರೆ ಅದು ನಿಜವಾದ ಮಾತಾಗಿ ಬರುತ್ತದೆ, ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. “ಆಯ್ತು, ಇಪ್ಪತ್ಮೂರು” ಅಂದೆ.

ಅಲ್ಲೇ ನಾನು ಎಡವಿದ್ದು.

ನನ್ನ ಜೊತೆ ಸೋಪು ಹಚ್ಚುವವಳನ್ನು ಎಲ್ಲರೂ ಬಕೆಟ್ಟಕ್ಕ ಅನ್ನುತ್ತಾರೆ. ಎರಡು ಕೈಯಲ್ಲಿ ಎರಡು ತುಂಬಿದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುವ ಹೆಂಗಸು. ಅವಳ ಬಾಯಿಗೂ ಮುಚ್ಚಳವಿಲ್ಲ. ಒಂದು ದಿನ ಆಫೀಸಿನ ಮುಂದಿನ ಜಗಲಿ ಒರೆಸುವಾಗ ಎಂದಿನ ಗಂಟಲಲ್ಲಿ ಕೇಳಿದಳು:

“ಅಲ್ಲ ಕಣೇ, ಉಗುಳೋರನ್ನ, ಪರಚೋರನ್ನ, ಎಲ್ರನ್ನೂ ಅಮ್ಮ ಅಮ್ಮ ಅಂತೀಯ. ಆ ಇಪ್ಪತ್ಮೂರು ಪಾಪ ಹಸು. ಅವಳನ್ನ ಯಾಕೆ ನಂಬರಿಂದ ಕರೀತೀಯ? ನಿನ್ನ ಅತ್ತೇನಾ?”

ನಗುತ್ತಲೇ ಕೇಳಿದ್ದಳು. ನನ್ನ ಮುಖ ನೋಡಿ ನಗು ನುಂಗಿಕೊಂಡಳು. ಆಫೀಸಿನ ಬಾಗಿಲು ತೆರೆದಿತ್ತು. ಒಳಗೆ ಮೇಡಂ ಬರೆಯುವುದನ್ನು ನಿಲ್ಲಿಸಿದ್ದು ನನಗೆ ಕಾಣಿಸಿತು.

ನಾಲ್ಕು ದಿನ ಬಿಟ್ಟು ಮೇಡಂ ಕರೆಸಿದರು. ಕುರ್ಚಿ ತೋರಿಸಿ ಕೂತ್ಕೋ ಅಂದರು. ಹದಿನೆಂಟು ವರ್ಷದಲ್ಲಿ ಆ ಕುರ್ಚಿಯ ಧೂಳು ಒರೆಸಿದ್ದೆನೇ ಹೊರತು ಕೂತಿರಲಿಲ್ಲ.

“ಆ ಇಪ್ಪತ್ಮೂರು ನಿಂಗೇನಾದ್ರೂ ಆಗಬೇಕಾ?” ಎಂದು ಮೆತ್ತಗೆ ಕೇಳಿದರು. “ಸಂಬಂಧ ಇದ್ರೆ ಹೇಳ್ಬಿಡು. ನಾನೇನೂ ಅನ್ನಲ್ಲ.”

“ಏನೂ ಆಗಬೇಕಿಲ್ಲ ಮೇಡಂ.”

“ದೂರದ ನೆಂಟರೂ ಅಲ್ವಾ?”

“ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದು ಮೇಡಂ.”

“ಹಾಗಾದ್ರೆ ಅದನ್ನೇ ಒಂದು ಹಾಳೇಲಿ ಬರೆದುಕೊಟ್ಬಿಡು. ನಾಳೆ ಯಾರಾದ್ರೂ ಕೇಳಿದ್ರೆ ನಿಂಗೇ ತೊಂದರೆ ಆಗಬಾರದಲ್ಲ.”

ಬರೆದುಕೊಟ್ಟೆ. ಈ ಹೆಂಗಸಿಗೂ ನನಗೂ ಯಾವ ಸಂಬಂಧವೂ ಇಲ್ಲ. ಅಕ್ಷರ ದುಂಡಗೆ ಬಂತು. ಮನೆ ಉಳಿಯಿತು ಎಂದುಕೊಂಡು ಹೊರಗೆ ಬಂದೆ. ಅವತ್ತು ಅಮ್ಮನ ಹಾಸಿಗೆಯ ಕಡೆ ಹೋಗಲು ಮುಖವಿರಲಿಲ್ಲ. ಆದರೂ ಹೋಗಿ ಮಗ್ಗುಲು ಬದಲಿಸಿದೆ. “ನಿಮಗೆ ಪುಣ್ಯ ಬರಲಿ” ಅಂದಳು.

ಮುಂದಿನ ವಾರ ತೊಳೆಯುವ ದಿನ. ಅವತ್ತು ಸೋಪು ನನ್ನ ಕೈಯಲ್ಲಿ, ಪೈಪು ಬಕೆಟ್ಟಕ್ಕನ ಕೈಯಲ್ಲಿ. ಇಪ್ಪತ್ತೆರಡು ಮುಗಿಸಿ ಇಪ್ಪತ್ತಮೂರಕ್ಕೆ ಬಂದೆ. ಎಡಗೈ ತೊಳೆದೆ. ಬಲಗೈ ಎತ್ತಿಕೊಂಡೆ. ಸತ್ತ ಕೈ. ಬಿಟ್ಟರೆ ಬೀಳುತ್ತದೆ, ಹಿಡಿದರೆ ಬರುತ್ತದೆ, ತಾನಾಗಿ ಏನೂ ಮಾಡುವುದಿಲ್ಲ.

ಹೆಬ್ಬೆರಳು ನೀಲಿಯಾಗಿತ್ತು.

ನನ್ನ ಕೈ ರೂಢಿಯಂತೆ ಬ್ರಷ್ಷಿನ ಕಡೆ ಹೋಯಿತು. ಇದನ್ನು ಹೇಳಲೇಬೇಕು. ಅಮ್ಮನ ಬೆರಳೆಂದು ತಿಳಿದೂ ಕೈ ಬ್ರಷ್ಷನ್ನು ಹಿಡಿಯಿತು, ಉಗುರಿನ ತನಕ ತಂದಿತು. ಆಮೇಲೆ ನಿಂತಿತು.

“ಯಾರು ಒತ್ತಿಸಿಕೊಂಡ್ರು?” ಎಂದು ಕೇಳಿದೆ.

“ಮಾತ್ರೆ ಕೊಟ್ಟದ್ದಕ್ಕೆ ಅಂದ್ರು. ಆಫೀಸಿನೋರು.” ಅಮ್ಮ ನಡುಗುತ್ತಿದ್ದಳು. ಮೈತುಂಬ ಸೋಪಿತ್ತು. “ಬೇಗ ನೀರು ಹಾಕಿಸ್ತೀರಾ? ಚಳಿ ಆಗ್ತಿದೆ.”

ಬ್ರಷ್ಷನ್ನು ಮೋರಿಗೆ ಎಸೆದೆ. ಹೋಗಿ ನಲ್ಲಿ ನಿಲ್ಲಿಸಿದೆ. ನನ್ನ ಹೊದಿಕೆ ತಂದು ಅಮ್ಮನಿಗೆ ಸುತ್ತಿದೆ. ಬಕೆಟ್ಟಕ್ಕ ನೀರು ನಿಂತ ಪೈಪು ಹಿಡಿದು ನಿಂತಳು.

“ಏನಾಯ್ತೇ? ಇನ್ನೂ ಮೂರು ಜನ ಇದಾರೆ.”

“ಈ ಬೆರಳು ನಾನು ತೊಳೆಯಲ್ಲ. ಬಿಸಿನೀರು ಬರೋ ತನಕ ಇಲ್ಲಿ ಯಾರನ್ನೂ ತೊಳೆಯಲ್ಲ. ಮೇಡಂನ ಕರಿ.”

ಕರೆಯಬೇಕಾಗಲಿಲ್ಲ. ನೀರಿನ ಸದ್ದು ನಿಂತರೆ ಮೇಡಂಗೆ ಮೊದಲು ಗೊತ್ತಾಗುತ್ತದೆ. ಬಂದರು. ಕಾಲು ಒದ್ದೆಯಾಗದ ಹಾಗೆ ಬಾಗಿಲ ಹತ್ತಿರ ನಿಂತರು.

“ಏನಿದು ರಂಪ?”

ಅಮ್ಮನ ಕೈ ಎತ್ತಿ ತೋರಿಸಿದೆ. “ಇದು ಯಾವ ಕಾಗದಕ್ಕೆ?”

“ಅದನ್ನ ಕೇಳೋಕೆ ನೀನ್ಯಾರು?”

“ನಾನು ಇವಳ ಮಗಳು. ಇವಳು ನನ್ನಮ್ಮ.”

ಇಷ್ಟು ಹೇಳಲು ನನಗೆ ಐದು ತಿಂಗಳು ಬೇಕಾಯಿತು. ಕಟ್ಟೆಯ ಮೇಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಮೇಡಂಗೆ ಆಶ್ಚರ್ಯವೇ ಆಗಲಿಲ್ಲ.

“ಹೌದು, ಹಾಜರಿ ಪುಸ್ತಕದಲ್ಲಿ ನಿನ್ನ ವಿಳಾಸ ಇದೆ. ಆ ವಿಳಾಸದ ಮನೆ ಕಂದಾಯ ಯಾರ ಹೆಸರಲ್ಲಿದೆ ಅಂತ ನೋಡಿಸಿದೀನಿ. ಈ ಅಜ್ಜಿ ಹೆಸರೇ ಇತ್ತು. ಅದಕ್ಕೇ ನಿನ್ನ ಕರೆದು ಕೇಳಿದ್ದು. ಸಂಬಂಧ ಇಲ್ಲ ಅಂತ ನೀನೇ ಬರೆದುಕೊಟ್ಟೆ. ಫಾರಂ ಕೆಳಗೆ ಏನಿದೆ ಓದಿದ್ಯಾ? ಯಾರೂ ಇಲ್ಲದೋರ ಹೆಸರಲ್ಲಿ ಮುಂದೆ ಏನು ಸಿಕ್ಕಿದರೂ ಸಂಸ್ಥೆಯೇ ಅವರಿಗೆ ವಾರಸುದಾರ. ಅದಕ್ಕೂ ನಿನ್ನದೇ ಸಹಿ.”

“ಸುಳ್ಳು ಬರೆದೆ. ತಪ್ಪಾಯ್ತು. ಆದ್ರೆ ಇವಳು ನನ್ನಮ್ಮ.”

“ಅವರನ್ನೇ ಕೇಳೋಣ” ಎಂದು ಮೇಡಂ ಮುಗುಳ್ನಕ್ಕರು. “ಅಜ್ಜಿ, ಇವಳು ನಿಮ್ಮ ಮಗಳಾ?”

ಅಮ್ಮ ನನ್ನ ಮುಖ ನೋಡಲಿಲ್ಲ. ಹೊದಿಕೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹೇಳಿದಳು:

“ಈಯಮ್ಮ ಯಾರೋ ನಂಗೊತ್ತಿಲ್ಲ. ಒಳ್ಳೆ ಹೆಂಗಸು. ನನ್ನ ಮೇಲೆ ಕನಿಕರ. ಕೆಲಸದಿಂದ ತೆಗೀಬೇಡಿ ಮೇಡಂ. ನಂಗೆ ಯಾರೂ ಇಲ್ಲ.”

ಮನೆ ಉಳಿಸಲು ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೆ. ಒಂದೊಂದು ಮಾತಿಗೂ ಮನೆಯ ಒಂದೊಂದು ಗೋಡೆ ಹೋಗುತ್ತಿತ್ತು. ನಾನು ಆ ಒದ್ದೆ ನೆಲದಲ್ಲಿ ಅವಳ ಮುಂದೆ ಮೊಣಕಾಲೂರಿ ಕೂತೆ. ಎಲ್ಲರ ಎದುರಿಗೆ ಹೇಳಬೇಕಾಯಿತು.

“ಅಮ್ಮ, ಸಾಕು ಮಾಡಮ್ಮ. ಇನ್ನು ಸುಳ್ಳು ಬೇಡ. ಇದು ಮಾತ್ರೆಗೆ ಒತ್ತಿದ್ದಲ್ಲ. ಮನೆಗೆ ಒತ್ತಿದ್ದು. ಮನೆ ಬರೆಸ್ಕೊಂಡಿದಾರೆ. ನಿಂಗೆ ಯಾರೂ ಇಲ್ಲ ಅಂತ ನಾನು ಬರೆದುಕೊಟ್ಟೆನಲ್ಲ, ಅದರಿಂದಾನೇ ಬರೆಸ್ಕೊಂಡಿದಾರೆ.”

ಅಮ್ಮ ತನ್ನ ಹೆಬ್ಬೆರಳನ್ನು ನೋಡಿದಳು. ಬೇರೆ ಯಾರದೋ ವಸ್ತು ತೊಡೆಯ ಮೇಲೆ ಬಿದ್ದಿದ್ದನ್ನು ನೋಡುವ ಹಾಗೆ ನೋಡಿದಳು.

“ನಿಂಗೆ ಹೇಗೆ ಗೊತ್ತು?” ಅಂದಳು. ‘ನಿಮಗೆ’ ಅನ್ನಲಿಲ್ಲ.

“ಮುಂಚೆಯಿಂದ ಹೀಗೇ ಮಾಡ್ತಾರೆ. ಶಾಯಿ ತೊಳೆಯೋದು ನನ್ನ ಕೆಲಸ.”

“ಎಷ್ಟು ಜನರದ್ದು ತೊಳೆದಿದೀಯ?”

ನಾನು ಜಾರುತ್ತಿದ್ದ ಹೊದಿಕೆಯನ್ನು ಅವಳ ಹೆಗಲಿಗೆ ಎಳೆದೆ.

ಆಮೇಲೆ ಅಮ್ಮ ಶುರು ಮಾಡಿದಳು. ಸೊಟ್ಟ ಬಾಯಿ, ತೊದಲು ನಾಲಿಗೆ, ಆದರೂ ಒಂದು ಮಾತೂ ತಪ್ಪದೆ ಕೇಳಿಸಿತು. “ನಿನ್ನ ಬಾಯಿಗೆ ಮಣ್ಣು ಹಾಕ! ಹನ್ನೊಂದು ವರ್ಷ ತುಂಡು ಇಟ್ಟಿಗೆ ಹೊತ್ತು ನಿನ್ನ ಸಾಕಿದ್ದು ಇದಕ್ಕೇನೇ? ಕೂದಲು ಉದುರಿಸಿಕೊಂಡು ಹೊತ್ತೆ ಕಣೇ. ಓದ್ಸಿದ್ದು ಯಾಕೆ ನಿನ್ನ? ಕೆಳಗೆ ಏನಿದೆ ಅಂತ ನೋಡದೆ ಸಹಿ ಹಾಕೋಕಾ? ನಂಗೆ ಓದೋಕೆ ಬರಲ್ಲ, ನಿಂಗೇನಾಗಿತ್ತು ರೋಗ? ಕಂಡೋರ ಅಮ್ಮಂದಿರ ಬೆರಳು ಉಜ್ಜಿ ಉಜ್ಜಿ ಮನೆ ಕಿತ್ಕೊಟ್ಯಲ್ಲೇ, ಉಂಡ ಅನ್ನ ಹೇಗೆ ಇಳೀತೇ ನಿನ್ನ ಗಂಟಲಲ್ಲಿ? ನಾಚಿಕೆ ಆಗ್ಲಿಲ್ವೇನೇ ನಿಂಗೆ?”

ನಾನು ತಲೆ ತಗ್ಗಿಸಿ ಕೇಳಿದೆ. ಐದು ತಿಂಗಳ ನೀವು, ತಾವು, ಪುಣ್ಯಗಳೆಲ್ಲ ಮುಗಿದಿದ್ದವು. ಅಷ್ಟು ಬೈಗುಳದಲ್ಲೂ ಜೀವಕ್ಕೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೂ ನಾಚಿಕೆಯಾಯಿತು.

ಬಕೆಟ್ಟಕ್ಕ ಪೈಪನ್ನು ನೆಲಕ್ಕೆ ಹಾಕಿದಳು. “ನೋಡಿ ಮೇಡಂ,” ಅಂದಳು, “ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದೋರನ್ನ ಯಾರೂ ಹೀಗೆ ಬೈಯಲ್ಲ. ಹೆತ್ತೋಳಿಗೆ ಮಾತ್ರ ಆಗೋದು ಇದು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ ನಾನು.”

“ಇಬ್ರೂ ಸಂಬಳದ ಆಸೆ ಬಿಟ್ಟು ಹೊರಡಿ” ಅಂದರು ಮೇಡಂ. ಮುಗುಳ್ನಗೆ ಹೋಗಿತ್ತು. “ಅದಕ್ಕೆ ಮುಂಚೆ ಆ ಬೆರಳು ತೊಳೆದು ಹೋಗಿ.”

“ತೊಳೆಯಲ್ಲ.”

“ತೊಳಿ ಅಂದೆ.”

“ಹದಿನೆಂಟು ವರ್ಷ ತೊಳೆದೆ ಮೇಡಂ. ಇದನ್ನ ತೊಳೆಯಲ್ಲ. ಇದನ್ನ ಹೀಗೇ ತಗೊಂಡು ಹೋಗ್ತೀನಿ. ಸತ್ತ ಕೈ ಹೇಗೆ ಮನೆ ದಾನ ಕೊಡ್ತು ಅಂತ ಪೊಲೀಸರು ನೋಡ್ಲಿ, ಕೋರ್ಟಿನೋರು ನೋಡ್ಲಿ.” ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅಮ್ಮನ ಹೆಬ್ಬೆರಳಿಗೆ ಸುತ್ತಿದೆ. ಗಂಟು ಹಾಕಿದೆ. ಸುಳ್ಳು ಬರೆದದ್ದಕ್ಕೆ ಮೊದಲು ನನ್ನನ್ನೇ ಹಿಡಿಯಬಹುದು ಎಂದು ಗೊತ್ತಿತ್ತು. ಮನೆ ವಾಪಸು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಬಕೆಟ್ಟಕ್ಕ ಅಮ್ಮನ ಮೈಮೇಲಿನ ಸೋಪು ಒರೆಸಿದಳು. ಅಮ್ಮನನ್ನು ಬೆನ್ನ ಮೇಲೆ ಹಾಕಿಕೊಂಡೆ. ಒಂದು ಕಾಲದಲ್ಲಿ ಅಷ್ಟು ಭಾರ ಹೊತ್ತವಳು ಈಗ ಭಾರವೇ ಇರಲಿಲ್ಲ. “ನೆಟ್ಟಗೆ ನಡಿ, ಜಾರುತ್ತೆ” ಎಂದು ಕಿವಿಯ ಹತ್ತಿರ ಗದರಿದಳು. ಕಟ್ಟೆಯ ಉದ್ದಕ್ಕೂ ಬಾಗಿಲ ಕಡೆ ನಡೆದೆ. ಹೆಂಗಸರು ಒದ್ದೆ ಮೈಯಲ್ಲಿ ಕೂತು ನೋಡುತ್ತಿದ್ದರು.

ಹನ್ನೊಂದನೇ ನಂಬರಿನವಳು ನನ್ನ ಬಟ್ಟೆಯ ತುದಿ ಹಿಡಿದು ನಿಲ್ಲಿಸಿದಳು. ಅವಳು ಇಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಮಾತು ಕಡಿಮೆ. ಅವಳ ಮನೆಯ ಫೋಟೋ ಆಫೀಸಿನಲ್ಲಿ ಕಿಟಕಿಯ ಪಕ್ಕ ಇದೆ. ಮುಂದೆ ಹೂವಿನ ಕುಂಡ ಇರುವ ಸಣ್ಣ ಮನೆ.

“ನಂದೂ ಒತ್ತಿಸ್ಕೊಂಡ್ರು ಕಣವ್ವ. ನನ್ನೂ ಕರ್ಕೊಂಡು ಹೋಗು, ನಂದೂ ತೋರಿಸು” ಎಂದು ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು.

ಬೆರಳು ಸ್ವಚ್ಛವಾಗಿತ್ತು. ಉಗುರಿನ ಸಂದಿಯಲ್ಲೂ ಒಂದು ಚೂರು ನೀಲಿ ಇರಲಿಲ್ಲ. ನಾನೇ ತೊಳೆದಿದ್ದೆ.